ಗಂಟುಮೂಟೆಗಳು ಹೇಳುವ ಚರಿತ್ರೆ: ವಿಕ್ಟೋರಿಯಾ ಕಾಲದ ರೈಲು ನಿಲ್ದಾಣದ ಚಿತ್ರಗಳು

ಪ್ರಯಾಣ ಎಂದೊಡನೆ ಗಂಟುಮೂಟೆ ನೆನಪಾಗುವುದು ಸಹಜ. ‘ಗಂಟುಮೂಟೆ ಕಟ್ಟು’ ಎಂಬ ನುಡಿಗಟ್ಟಿಗೆ ಕನ್ನಡದಲ್ಲಿ ‘ಇರುವ ನೆಲೆಯನ್ನು ಬಿಟ್ಟು ಹೊರಡು’ ಎಂಬ ಅರ್ಥವೇ ಬಂದುಬಿಟ್ಟಿದೆ. ಹೊರಡುವವನು ಏನನ್ನು ಕಟ್ಟಿಕೊಂಡ, ಏನನ್ನು ಬಿಟ್ಟುಹೋದ, ಅವನ ಹೊರೆಯನ್ನು ಯಾರು ಹೊತ್ತರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಆ ಮನುಷ್ಯನ ಅಂತಸ್ತು, ಆಸೆ, ಭಯಗಳೆಲ್ಲ ತಿಳಿದಂತೆಯೇ ಸರಿ. ಕಡತಗಳಲ್ಲಿಯೂ ವರದಿಗಳಲ್ಲಿಯೂ ಇಂತಹ ಉತ್ತರಗಳು ಸಿಗುವುದು ವಿರಳ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಮಟ್ಟಿಗೆ ಈ ಕೊರತೆಯನ್ನು ತುಂಬಿಕೊಡುವ ಒಂದು ಆಕರವಿದೆ. ಅದು ರೈಲು ನಿಲ್ದಾಣಗಳನ್ನೂ ರೈಲುಡಬ್ಬಿಗಳ ಒಳಭಾಗವನ್ನೂ ವಸ್ತುವಾಗಿಸಿಕೊಂಡು ವಿಕ್ಟೋರಿಯಾ ರಾಣಿಯ ಕಾಲದ ಕಲಾವಿದರು ರಚಿಸಿದ ಚಿತ್ರಗಳ ಸಮೂಹ.

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಣ ರೈಲುಮಾರ್ಗ ತೆರೆದದ್ದು 1830ರಲ್ಲಿ. ವಿಕ್ಟೋರಿಯಾ ಪಟ್ಟವೇರಿದ್ದು 1837ರಲ್ಲಿ. ಅವಳ ಆಳ್ವಿಕೆಯ ಮೊದಲ ಎರಡು ದಶಕಗಳು ಮುಗಿಯುವಷ್ಟರಲ್ಲಿ ಇಂಗ್ಲೆಂಡಿನ ಮುಖ್ಯ ಪಟ್ಟಣಗಳನ್ನೆಲ್ಲ ಹಳಿಗಳು ಜೋಡಿಸಿದ್ದವು. ಹೊಸ ವಾಹನ ಬಂದರೂ ಹಳೆಯ ರೂಢಿ ಕೂಡಲೇ ಮರೆಯಾಗಲಿಲ್ಲ. ಮೊದಮೊದಲ ಪ್ರಥಮ ದರ್ಜೆಯ ಡಬ್ಬಿಗಳನ್ನು ಕುದುರೆಯ ಸಾರೋಟಿನ ಮೂರು ಒಡಲುಗಳನ್ನು ಒಂದೇ ಚೌಕಟ್ಟಿನ ಮೇಲೆ ಸಾಲಾಗಿ ಕೂರಿಸಿದಂತೆ ಕಟ್ಟಲಾಗುತ್ತಿತ್ತು. ಸಾರೋಟಿನ ನೆತ್ತಿಯ ಮೇಲೆ ಪೆಟ್ಟಿಗೆಗಳನ್ನು ಬಿಗಿಯುತ್ತಿದ್ದಂತೆಯೇ ರೈಲುಡಬ್ಬಿಯ ಮಾಡಿನ ಮೇಲೂ ಪೆಟ್ಟಿಗೆಗಳನ್ನು ಏರಿಸಿ ಕಟ್ಟುತ್ತಿದ್ದರು. ಎಂಜಿನ್ನಿನಿಂದ ಹಾರುವ ಕಿಡಿಗಳಿಗೆ ಅವು ಸದಾ ಒಡ್ಡಿಕೊಂಡೇ ಇರುತ್ತಿದ್ದವು. ಸರಕನ್ನು ಪ್ರತ್ಯೇಕವಾದ ಡಬ್ಬಿಯಲ್ಲಿ ಇರಿಸುವ ಪದ್ಧತಿ ನೆಲೆಗೊಂಡದ್ದು ಕ್ರಮೇಣ.

ಯಾರು ಎಷ್ಟು ಹೊರೆ ಒಯ್ಯಬಹುದು ಎಂಬ ಮಾತು ಶಾಸನದ ವಿಷಯವೂ ಆಗಿತ್ತು. 1844ರಲ್ಲಿ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ರೈಲ್ವೆ ಕಾಯಿದೆಯ ಹಿಂದೆ ಮುಂದೆ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಇದ್ದ. ಪ್ರತಿ ಮಾರ್ಗದಲ್ಲಿಯೂ ದಿನಕ್ಕೆ ಕನಿಷ್ಠ ಒಂದು ರೈಲು ಬಡವರಿಗಾಗಿ ಓಡಬೇಕು, ಅದರ ದರ ಮೈಲಿಗೆ ಒಂದು ಪೆನ್ನಿಯನ್ನು ಮೀರಬಾರದು, ಕುಳಿತುಕೊಳ್ಳಲು ಆಸನವೂ ಮಳೆಗಾಳಿಯಿಂದ ರಕ್ಷಣೆಯೂ ಇರಬೇಕು ಎಂದು ಅದು ವಿಧಿಸಿತು. ಅದರೊಡನೆ ಆ ಪ್ರಯಾಣಿಕನು 56 ಪೌಂಡು, ಅಂದರೆ ಸುಮಾರು 25 ಕಿಲೋ ತೂಕದ ಸಾಮಾನನ್ನು ಶುಲ್ಕವಿಲ್ಲದೆ ಒಯ್ಯಬಹುದೆಂದೂ ಹೇಳಿತು. ಕೆಲಸ ಹುಡುಕಿಕೊಂಡು ಊರು ಬಿಡುವ ಕೂಲಿಯವನಿಗೆ ಈ 56 ಪೌಂಡು ಸಾಮಾನ್ಯ ಸಂಗತಿಯಲ್ಲ. ಅವನ ಇಡೀ ಸಂಸಾರವೇ ಆ ತೂಕದೊಳಗೆ ಅಡಗಬೇಕಿತ್ತು. ಅನುಕೂಲಸ್ಥನಿಗೆ ಪೆಟ್ಟಿಗೆಯೆಂಬುದು ಮನೆಯ ಒಂದು ಅಂಶ. ಬಡವನಿಗೆ ಮನೆಯೆಲ್ಲವೂ ಪೆಟ್ಟಿಗೆಯ ಅಂಶ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ ಅಂದಿನ ಚಿತ್ರಗಳು ಬೇರೆಯದೇ ಬೆಳಕಿನಲ್ಲಿ ಕಾಣತೊಡಗುತ್ತವೆ.

ನಿಲ್ದಾಣವು ಕಲೆಗೆ ತಕ್ಕ ವಸ್ತುವೇ?

ರೈಲು ನಿಲ್ದಾಣವನ್ನು ಚಿತ್ರಿಸಬಹುದೆಂಬ ಮಾತನ್ನು ಅಂದಿನ ಕಲಾಲೋಕ ಸುಲಭವಾಗಿ ಒಪ್ಪಲಿಲ್ಲ. ಆ ಕಾಲದ ಅತ್ಯಂತ ಪ್ರಭಾವಶಾಲಿ ಕಲಾವಿಮರ್ಶಕನಾದ ಜಾನ್ ರಸ್ಕಿನ್ 1849ರಲ್ಲಿ ಪ್ರಕಟವಾದ ತನ್ನ ವಾಸ್ತುಶಿಲ್ಪ ಗ್ರಂಥದಲ್ಲಿ ನಿಲ್ದಾಣಗಳಿಗೆ ಅಲಂಕಾರ ಮಾಡುವುದನ್ನೇ ಆಕ್ಷೇಪಿಸಿದ. ಅವಸರದಲ್ಲಿ ಬಂದು ಅವಸರದಲ್ಲಿ ಹೋಗುವ ಜಾಗದಲ್ಲಿ ಸೌಂದರ್ಯವನ್ನು ಸವಿಯುವ ವ್ಯವಧಾನ ಯಾರಿಗಿದೆ ಎಂಬುದು ಅವನ ವಾದ. ರೈಲು ಪ್ರಯಾಣಿಕನನ್ನು ಪ್ರಯಾಣಿಕನಾಗಿ ಉಳಿಸದೆ ಜೀವವಿರುವ ಒಂದು ಕಟ್ಟನ್ನಾಗಿ, ಸಾಗಿಸಬೇಕಾದ ಸರಕನ್ನಾಗಿ ಮಾಡಿಬಿಡುತ್ತದೆಂದೂ ಅವನು ದೂರಿದ. ಮನುಷ್ಯನಿಗೂ ಅವನ ಸಾಮಾನಿಗೂ ಇರುವ ಭೇದವನ್ನು ಈ ಹೊಸ ಯಂತ್ರ ಅಳಿಸಿಹಾಕುತ್ತದೆಯೇ ಎಂಬ ಈ ಆತಂಕವೇ ಮುಂದೆ ನಿಲ್ದಾಣದ ಚಿತ್ರಗಳ ಒಳದನಿಯಾಯಿತು.

ಇದಕ್ಕೆ ಐದು ವರ್ಷ ಮೊದಲೇ, 1844ರಲ್ಲಿ, ಜೆ.ಎಂ.ಡಬ್ಲ್ಯು. ಟರ್ನರ್ ಮಳೆ, ಉಗಿ, ವೇಗಗಳನ್ನು ಹೆಸರಿನಲ್ಲಿಯೇ ಇರಿಸಿಕೊಂಡ ತನ್ನ ಪ್ರಸಿದ್ಧ ಚಿತ್ರವನ್ನು ಪ್ರದರ್ಶಿಸಿದ್ದ. ಗ್ರೇಟ್ ವೆಸ್ಟರ್ನ್ ಮಾರ್ಗದ ಸೇತುವೆಯ ಮೇಲೆ ಮಳೆಯನ್ನು ಸೀಳಿಕೊಂಡು ಬರುವ ಎಂಜಿನ್ನು ಅಲ್ಲಿ ಪ್ರಕೃತಿಶಕ್ತಿಗಳಲ್ಲಿ ಒಂದಾಗಿಬಿಟ್ಟಿದೆ. ಮುಖ ತಿಳಿಯುವ ಮನುಷ್ಯನಾಗಲಿ ಅವನ ಪೆಟ್ಟಿಗೆಯಾಗಲಿ ಅಲ್ಲಿಲ್ಲ. ಟರ್ನರ್ ವೇಗವನ್ನು ಬರೆದ. ಅವನ ಅನಂತರದವರು ವೇಗಕ್ಕೆ ಮುನ್ನಿನ ಗಳಿಗೆಯನ್ನು, ಎಂದರೆ ಹೊರಡುವ ಹೊತ್ತಿನ ಗಡಿಬಿಡಿಯನ್ನು ಬರೆಯಲು ಹೊರಟರು. ಆ ಗಡಿಬಿಡಿಗೆ ಆಕಾರ ಬರುವುದು ಗಂಟುಮೂಟೆಗಳಿಂದಲೇ.

1854ರಲ್ಲಿ ಏಬ್ರಹಾಂ ಸಾಲೊಮನ್ ಎಂಬ ಕಲಾವಿದ ರಾಯಲ್ ಅಕಾಡೆಮಿಯಲ್ಲಿ ಒಂದು ಜೋಡಿಚಿತ್ರವನ್ನು ಪ್ರದರ್ಶಿಸಿದ. ಮೊದಲನೆಯದರ ಹೆಸರು ‘ಪ್ರಥಮ ದರ್ಜೆ’. ಮೆತ್ತನೆಯ ಆಸನಗಳ ಡಬ್ಬಿಯಲ್ಲಿ ಹಿರಿಯನೊಬ್ಬ ನಿದ್ದೆಹೋಗಿದ್ದಾನೆ. ಅವನ ಜೊತೆಯ ತರುಣಿಯೊಡನೆ ಸಹಪ್ರಯಾಣಿಕ ತರುಣ ಸಲ್ಲಾಪದಲ್ಲಿ ತೊಡಗಿದ್ದಾನೆ. ಎರಡನೆಯದು ‘ದ್ವಿತೀಯ ದರ್ಜೆ’. ಬರಿಯ ಹಲಗೆಯ ಡಬ್ಬಿಯಲ್ಲಿ ತಾಯಿಯೊಬ್ಬಳು ಕಡಲ ಕೆಲಸಕ್ಕೆ ಹೊರಟ ಎಳೆಯ ಮಗನ ಪಕ್ಕದಲ್ಲಿ ಕುಳಿತಿದ್ದಾಳೆ. ಗೋಡೆಯ ಮೇಲೆ ದೂರದೇಶಗಳಿಗೆ ಹೋಗುವ ಹಡಗುಗಳ ಜಾಹೀರಾತುಗಳಿವೆ. ಒಂದೇ ಹಳಿ, ಒಂದೇ ಎಂಜಿನ್ನು. ಒಂದು ಡಬ್ಬಿಯಲ್ಲಿ ಪ್ರೇಮದ ಆರಂಭ, ಇನ್ನೊಂದರಲ್ಲಿ ಅಗಲಿಕೆ. ಮೊದಲ ಚಿತ್ರ ನೀತಿವಂತರ ಕಣ್ಣಿಗೆ ಚುಚ್ಚಿತು. ಹಿರಿಯನು ಮಲಗಿರುವಾಗ ಅಪರಿಚಿತನೊಡನೆ ಹೆಣ್ಣುಮಗಳು ಮಾತನಾಡುವುದನ್ನು ಚಿತ್ರಿಸುವುದು ಅನುಚಿತವೆಂಬ ಟೀಕೆ ಬಂದಿತು. ಸಾಲೊಮನ್ ಮರುವರ್ಷ ಅದನ್ನು ಬೇರೆಯಾಗಿ ಬರೆದ. ಹೊಸ ರೂಪದಲ್ಲಿ ತಂದೆ ಎಚ್ಚರವಾಗಿ ನಡುವೆ ಕುಳಿತಿದ್ದಾನೆ, ತರುಣ ನೌಕಾದಳದ ಅಧಿಕಾರಿಯಾಗಿ ತಂದೆಯೊಡನೆಯೇ ಮಾತನಾಡುತ್ತಿದ್ದಾನೆ. ತಾಯಿ ಮಗನನ್ನು ಅಗಲುವ ಎರಡನೆಯ ಚಿತ್ರದ ಬಗೆಗೆ ಅಂತಹ ಟೀಕೆ ಏಳಲಿಲ್ಲ. ಬಡವರ ದುಃಖ ಸಭ್ಯವಾದ ವಸ್ತು, ಸಿರಿವಂತರ ಸಲುಗೆ ಅಸಭ್ಯವಾದ ವಸ್ತು ಎಂಬ ಆ ಕಾಲದ ಅಳತೆಗೋಲು ಇಲ್ಲಿ ಬಯಲಾಗುತ್ತದೆ.

ಪ್ಯಾಡಿಂಗ್ಟನ್ನಿನ ಮಹಾಚಿತ್ರ

ಈ ಪರಂಪರೆಯ ಶಿಖರವೆಂದರೆ ವಿಲಿಯಂ ಪವೆಲ್ ಫ್ರಿತ್ 1862ರಲ್ಲಿ ಮುಗಿಸಿದ ‘ದಿ ರೈಲ್ವೆ ಸ್ಟೇಷನ್’. ಕಡಲತೀರದ ಜನಸಂದಣಿಯನ್ನು ಬರೆದ ‘ರ‍್ಯಾಮ್ಸ್‌ಗೇಟ್ ಸ್ಯಾಂಡ್ಸ್’, ಕುದುರೆ ಜೂಜಿನ ಜಾತ್ರೆಯನ್ನು ಬರೆದ ‘ಡರ್ಬಿ ಡೇ’ ಚಿತ್ರಗಳಿಂದ ಅವನು ಆಗಲೇ ಹೆಸರಾಗಿದ್ದ. 1858ರಲ್ಲಿ ‘ಡರ್ಬಿ ಡೇ’ ಪ್ರದರ್ಶನಗೊಂಡಾಗ ನೂಕುನುಗ್ಗಲನ್ನು ತಡೆಯಲು ಚಿತ್ರದ ಮುಂದೆ ಕಟಕಟೆಯನ್ನೇ ಹಾಕಬೇಕಾಯಿತು. ಅಂತಹ ಫ್ರಿತ್‌ನಿಗೂ ನಿಲ್ದಾಣದ ವಿಷಯದಲ್ಲಿ ಅಳುಕಿತ್ತು. ಪ್ಯಾಡಿಂಗ್ಟನ್ ನಿಲ್ದಾಣವಾಗಲಿ ಸಾಮಾನ್ಯ ಪ್ರಯಾಣಿಕರ ಉಡುಪಾಗಲಿ ಚಿತ್ರಕಾರನನ್ನು ಆಕರ್ಷಿಸುವಂಥವಲ್ಲವೆಂದು ಅವನು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಧೈರ್ಯ ಮಾಡಿದವನು ಲೂಯಿ ವಿಕ್ಟರ್ ಫ್ಲ್ಯಾಟೊ ಎಂಬ ಕಲಾವ್ಯಾಪಾರಿ. ಅವನು ಚಿತ್ರಕ್ಕೂ ಅದರ ಮುದ್ರಣದ ಹಕ್ಕಿಗೂ ಸೇರಿ 4,500 ಪೌಂಡು ಕೊಡಲು ಒಪ್ಪಿದ. ಚಿತ್ರವನ್ನು ಅಕಾಡೆಮಿಗೆ ಕಳಿಸದೆ ತನಗೇ ಬಿಟ್ಟುಕೊಡಬೇಕೆಂದು ಮತ್ತೆ 750 ಪೌಂಡು ಸೇರಿಸಿದ. ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ ತಲೆಗೆ ಒಂದು ಷಿಲಿಂಗ್ ಪ್ರವೇಶಧನವಿಟ್ಟು ಅದನ್ನು ತೋರಿಸಿದಾಗ ಏಳು ವಾರಗಳಲ್ಲಿ 21,150 ಜನ ಬಂದು ನೋಡಿದರು. ನೋಡುವವರಿಗೆ ಚಿತ್ರದ ಕಥೆಗಳನ್ನು ವಿವರಿಸುವ ಕಿರುಹೊತ್ತಗೆಯನ್ನು ಟಾಮ್ ಟೇಲರ್ ಬರೆದುಕೊಟ್ಟ. ಪ್ರತಿದಿನ ಸಾವಿರಾರು ಜನ ಪುಕ್ಕಟೆಯಾಗಿ ನೋಡಬಹುದಾಗಿದ್ದ ನಿಲ್ದಾಣವನ್ನು ಚಿತ್ರದಲ್ಲಿ ನೋಡಲು ಜನ ದುಡ್ಡು ತೆತ್ತರು ಎಂಬುದು ವಿಚಾರ ಮಾಡತಕ್ಕ ಸಂಗತಿ. ನಿಲ್ದಾಣದಲ್ಲಿ ನಿಂತು ನೋಡಲು ಯಾರಿಗೂ ಬಿಡುವಿರಲಿಲ್ಲ. ಚಿತ್ರ ಆ ಬಿಡುವನ್ನು ಒದಗಿಸಿತು. ರಸ್ಕಿನ್ನನ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಇರಲಾರದು.

ಸುಮಾರು ಎರಡೂವರೆ ಮೀಟರ್ ಅಗಲದ ಈ ತೈಲಚಿತ್ರದ ಮೇಲರ್ಧವನ್ನು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ರೂಪಿಸಿ 1854ರಲ್ಲಿ ತೆರೆದ ನಿಲ್ದಾಣದ ಕಬ್ಬಿಣ ಮತ್ತು ಗಾಜಿನ ಕಮಾನುಗಳು ಆಕ್ರಮಿಸಿವೆ. ಆ ಭಾಗಕ್ಕಾಗಿ ಫ್ರಿತ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಫ್ರೈ ತೆಗೆದ ಚಿತ್ರಗಳ ನೆರವು ಪಡೆದ. ಕೆಳಗಿನರ್ಧದಲ್ಲಿ ಉದ್ದಕ್ಕೂ ಮನುಷ್ಯರ ಸಾಲು. ಅವರ ಹಿಂದೆ ಹೊರಡಲು ಸಿದ್ಧವಾಗಿ ನಿಂತ ರೈಲು. ಡಬ್ಬಿಗಳ ಮಾಡಿನ ಮೇಲೆ ಪೆಟ್ಟಿಗೆಗಳನ್ನು ಏರಿಸುವ ಕೆಲಸ ಇನ್ನೂ ನಡೆದಿದೆ. ಮುಂಭಾಗದಲ್ಲಿ ಹಮಾಲಿಗಳು, ತಳ್ಳುಗಾಡಿಗಳು, ಟ್ರಂಕುಗಳು. ಕಮಾನುಗಳ ಗಾಂಭೀರ್ಯ ಮೇಲೆ, ಪೆಟ್ಟಿಗೆಗಳ ಗೊಂದಲ ಕೆಳಗೆ. ಇವೆರಡರ ನಡುವೆ ಬಾಳು.

ಚಿತ್ರದ ನಡುಭಾಗದಲ್ಲಿ ಒಂದು ಕುಟುಂಬವಿದೆ. ತಾಯಿ ಶಾಲೆಗೆ ಹೊರಟ ಮಗನನ್ನು ಮುದ್ದಿಡುತ್ತಿದ್ದಾಳೆ. ಆ ಕುಟುಂಬ ಫ್ರಿತ್‌ನದೇ. ತನ್ನನ್ನೂ ತನ್ನವರನ್ನೂ ಅವನು ಪ್ರಯಾಣಿಕರ ನಡುವೆ ನಿಲ್ಲಿಸಿದ್ದಾನೆ. ಬಾಡಿಗೆಯ ವಿಷಯದಲ್ಲಿ ಗಾಡಿಯವನೊಡನೆ ತಕರಾರಿಗೆ ನಿಂತ ಪರದೇಶದವನೊಬ್ಬನಿದ್ದಾನೆ. ಮದುವೆಯ ಮಂದಿ ನವದಂಪತಿಗಳನ್ನು ಬೀಳ್ಕೊಡುತ್ತಿದ್ದಾರೆ. ಸೈನಿಕನೊಬ್ಬ ತನ್ನ ಹಸುಗೂಸಿಗೆ ವಿದಾಯ ಹೇಳುತ್ತಿದ್ದಾನೆ. ಹಣ ಹೂಡಿದ ಫ್ಲ್ಯಾಟೊ ಕೂಡ ಎಂಜಿನ್ ಚಾಲಕನೊಡನೆ ಮಾತನಾಡುತ್ತ ನಿಂತಿದ್ದಾನೆ. ಶಾಲೆ, ಮದುವೆ, ದಂಡು, ವ್ಯವಹಾರ ಎಂಬ ಬಾಳಿನ ನಾಲ್ಕಾರು ಹೊಸ್ತಿಲುಗಳು ಒಂದೇ ಪ್ಲಾಟ್‌ಫಾರಂನಲ್ಲಿ ಕಾಣಸಿಗುತ್ತವೆ. ಹಿಂದಿನ ಕಾಲದಲ್ಲಿ ಇವು ಬೇರೆಬೇರೆ ಮನೆಗಳ ಬಾಗಿಲಲ್ಲಿ ನಡೆಯುತ್ತಿದ್ದ ಬೀಳ್ಕೊಡುಗೆಗಳು. ರೈಲು ಅವನ್ನೆಲ್ಲ ಒಂದೇ ಮಾಡಿನಡಿಗೆ, ಒಂದೇ ಗಡಿಯಾರದ ಆಜ್ಞೆಗೆ ತಂದು ನಿಲ್ಲಿಸಿತು.

ಬಲತುದಿಯ ಪ್ರಸಂಗ ಇವೆಲ್ಲಕ್ಕಿಂತ ಭಿನ್ನ. ಡಬ್ಬಿಯನ್ನು ಇನ್ನೇನು ಏರಲಿರುವ ಒಬ್ಬನ ಭುಜವನ್ನು ಪತ್ತೇದಾರನೊಬ್ಬ ಮುಟ್ಟಿದ್ದಾನೆ. ಇನ್ನೊಬ್ಬನ ಕೈಯಲ್ಲಿ ಕೈಕೋಳ ಸಿದ್ಧವಾಗಿದೆ. ಡಬ್ಬಿಯ ಒಳಗಿನಿಂದ ಹೆಂಗಸಿನ ಕಳವಳದ ಮುಖ ಹೊರಗೆ ನೋಡುತ್ತಿದೆ. ಪತ್ತೇದಾರರಿಬ್ಬರೂ ಕಲ್ಪಿತ ವ್ಯಕ್ತಿಗಳಲ್ಲ. ಲಂಡನ್ ನಗರದ ಪೊಲೀಸಿನ ಹೆಸರಾಂತ ಅಧಿಕಾರಿಗಳಾದ ಮೈಕೇಲ್ ಹೇಡನ್ ಮತ್ತು ಜೇಮ್ಸ್ ಬ್ರೆಟ್ ಇದಕ್ಕಾಗಿ ಕಲಾವಿದನ ಮುಂದೆ ನಿಂತಿದ್ದರು. ಉಳಿದವರೆಲ್ಲರ ಪೆಟ್ಟಿಗೆಗಳು ಮುಂದಿನ ಊರಿಗೆ ಹೊರಟಿವೆ. ಈತನ ಸಾಮಾನು ರೈಲು ಏರಿದ್ದರೂ ಈತನು ಏರಲಾರ. ವೇಗದ ವಾಹನ ಅಪರಾಧಿಗೆ ಓಡಿಹೋಗುವ ದಾರಿಯನ್ನು ತೆರೆದಂತೆಯೇ ಅವನನ್ನು ಹಿಡಿಯುವ ಬಾಗಿಲನ್ನೂ ತೋರಿಸಿಕೊಟ್ಟಿತೆಂಬ ಅಂದಿನ ನಂಬಿಕೆಗೆ ಈ ದೃಶ್ಯ ಸಾಕ್ಷಿ.

ಹೊತ್ತವರು ಯಾರು?

ಇಂಗ್ಲೆಂಡಿನ ನಿಲ್ದಾಣದಲ್ಲಿ ಸಾಮಾನು ಸಾಗುತ್ತಿದ್ದ ಬಗೆಯನ್ನು ಅರಿಯದೆ ಈ ಚಿತ್ರಗಳ ಗಡಿಬಿಡಿ ಪೂರ್ತಿ ಅರ್ಥವಾಗದು. ಯೂರೋಪಿನ ಅನೇಕ ದೇಶಗಳಲ್ಲಿ ಪೆಟ್ಟಿಗೆಯನ್ನು ತೂಗಿ, ದಾಖಲಿಸಿ, ರಸೀತಿ ಕೊಡುತ್ತಿದ್ದರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆ ಕ್ರಮವಿರಲಿಲ್ಲ. ಹಮಾಲಿ ಪೆಟ್ಟಿಗೆಯ ಮೇಲೆ ಸೇರಬೇಕಾದ ಊರಿನ ಚೀಟಿ ಅಂಟಿಸಿ ರೈಲಿಗೆ ಏರಿಸುತ್ತಿದ್ದ. ಇಳಿದಾಗ ಪ್ರಯಾಣಿಕ ರಾಶಿಯ ನಡುವೆ ‘ಇದು ನನ್ನದು’ ಎಂದು ಬೆರಳು ಮಾಡಿ ತೋರಿಸಿ ಬಿಡಿಸಿಕೊಳ್ಳಬೇಕಿತ್ತು. ಇಡೀ ವ್ಯವಸ್ಥೆ ಹಮಾಲಿಯ ನೆನಪು, ಪ್ರಯಾಣಿಕನ ಮಾತು ಎಂಬೆರಡು ಆಧಾರಗಳ ಮೇಲೆ ನಿಂತಿತ್ತು. ಪ್ರಯಾಣಿಕರು ಕೊಡುವ ಬಿಡಿಗಾಸು ಆ ಹಮಾಲಿಯ ದುಡಿಮೆಯ ಮುಖ್ಯ ಪಾಲು. ಅಂದಿನ ಚಿತ್ರಗಳಲ್ಲಿ ಹಮಾಲಿ ಎಲ್ಲೆಲ್ಲಿಯೂ ಇದ್ದಾನೆ. ಆದರೆ ಅವನ ಕಥೆ ಎಲ್ಲಿಯೂ ಇಲ್ಲ. ಎಲ್ಲರ ಬೀಳ್ಕೊಡುಗೆಗೂ ಅವನು ಹೆಗಲು ಕೊಡುತ್ತಾನೆ, ಅವನನ್ನು ಬೀಳ್ಕೊಡುವವರಿಲ್ಲ.

ಪೆಟ್ಟಿಗೆಗಳ ಆಕಾರವೂ ಈ ಅವಧಿಯಲ್ಲಿ ಬದಲಾಯಿತು. ಮಳೆನೀರು ಜಾರಿಹೋಗಲೆಂದು ಉಬ್ಬು ಮುಚ್ಚಳವಿರಿಸಿದ್ದ ಹಳೆಯ ಟ್ರಂಕುಗಳನ್ನು ಒಂದರ ಮೇಲೊಂದು ಜೋಡಿಸುವುದು ಕಷ್ಟ. ಪ್ಯಾರಿಸ್ಸಿನ ಲೂಯಿ ವಿಟಾನ್ 1858ರಲ್ಲಿ ಚಪ್ಪಟೆ ಮುಚ್ಚಳದ ಟ್ರಂಕನ್ನು ತಂದದ್ದು ಸರಕಿನ ಡಬ್ಬಿಯ ಕಾಲಕ್ಕೆ ಹೊಂದುವ ಬದಲಾವಣೆ. ಜಮಖಾನೆಯಂತಹ ದಪ್ಪ ಬಟ್ಟೆಯಿಂದ ಹೊಲಿದ ಚೀಲ ಹಗುರವಾಗಿಯೂ ಅಗ್ಗವಾಗಿಯೂ ಇದ್ದು ಜನಪ್ರಿಯವಾಯಿತು. ಬಡವರ ಪ್ರಯಾಣಕ್ಕೆ ಕಾಯಿದೆಯ ರಕ್ಷಣೆ ತಂದ ಗ್ಲ್ಯಾಡ್‌ಸ್ಟನ್ನನ ಹೆಸರು ಮುಂದೆ ಅನುಕೂಲಸ್ಥರ ತೊಗಲಿನ ಕೈಚೀಲಕ್ಕೆ ಅಂಟಿಕೊಂಡದ್ದು ಚರಿತ್ರೆಯ ಒಂದು ಚೋದ್ಯ. ಡಬ್ಬಿಗಳಲ್ಲಿ ಬೆಚ್ಚಗಿನ ವ್ಯವಸ್ಥೆ ಇಲ್ಲದ್ದರಿಂದ ಚೌಕುಳಿ ಕಂಬಳಿಯನ್ನು ಸುರುಳಿ ಸುತ್ತಿ ತೊಗಲಿನ ಪಟ್ಟಿಯಿಂದ ಬಿಗಿದು ಒಯ್ಯುವುದೂ ವಾಡಿಕೆಯಾಯಿತು.

ನಿಲ್ದಾಣದಲ್ಲಿ ಸಾಮಾನು ಇರಿಸುವ ಕೋಣೆ ಸಾಹಿತ್ಯದಲ್ಲಿಯೂ ಸ್ಥಾನ ಪಡೆಯಿತು. ಆಸ್ಕರ್ ವೈಲ್ಡ್ 1895ರಲ್ಲಿ ರಂಗಕ್ಕೆ ತಂದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಪ್ರಹಸನದ ನಾಯಕ ಶಿಶುವಾಗಿದ್ದಾಗ ವಿಕ್ಟೋರಿಯಾ ನಿಲ್ದಾಣದ ಅಂತಹ ಕೋಣೆಯಲ್ಲಿ, ಒಂದು ಕೈಚೀಲದೊಳಗೆ ಸಿಕ್ಕವನು. ಕುಲಗೋತ್ರಗಳ ಬಗೆಗೆ ಹೆಮ್ಮೆಪಡುವ ಸಮಾಜದಲ್ಲಿ ಒಬ್ಬನ ವಂಶಾವಳಿ ಒಂದು ಚೀಲದಲ್ಲಿ ಆರಂಭವಾಗುತ್ತದೆ ಎಂಬುದೇ ಅಲ್ಲಿಯ ವಿಡಂಬನೆ. ಮನುಷ್ಯನು ಕಟ್ಟಾಗಿಬಿಡುತ್ತಾನೆಂಬ ರಸ್ಕಿನ್ನನ ದೂರು ಸುಮಾರು ಅರ್ಧ ಶತಮಾನದ ಬಳಿಕ ಹೀಗೆ ನಗೆಯಾಗಿ ಮರಳಿತು.

ಒಂಟಿ ಪ್ರಯಾಣಿಕಳು, ಉಳಿದುಹೋದವರು

ರೈಲು ಹೆಂಗಸರಿಗೆ ಒದಗಿಸಿದ ಸಂಚಾರ ಸ್ವಾತಂತ್ರ್ಯವನ್ನು ಎರಡು ಚಿತ್ರಗಳು ಸೊಗಸಾಗಿ ಹಿಡಿದಿವೆ. ಫ್ರಿತ್‌ನ ಗೆಳೆಯ ಅಗಸ್ಟಸ್ ಎಗ್ 1862ರಲ್ಲಿಯೇ ಬರೆದ ‘ದಿ ಟ್ರ್ಯಾವೆಲಿಂಗ್ ಕಂಪ್ಯಾನಿಯನ್ಸ್’ ಚಿತ್ರದಲ್ಲಿ ಒಂದೇ ಬಗೆಯ ಬೂದುಬಣ್ಣದ ಉಡುಪಿನ ಇಬ್ಬರು ತರುಣಿಯರು ಎದುರುಬದುರಾಗಿ ಕುಳಿತಿದ್ದಾರೆ. ಒಬ್ಬಳು ಓದುತ್ತಿದ್ದಾಳೆ, ಇನ್ನೊಬ್ಬಳು ನಿದ್ರಿಸುತ್ತಿದ್ದಾಳೆ. ಕಿಟಕಿಯಾಚೆ ಮೆಡಿಟರೇನಿಯನ್ ತೀರದ ಮೆಂತೋನ್ ಪಟ್ಟಣದ ಬಳಿಯ ನೋಟ. ಒಂದು ಕಡೆ ಹಣ್ಣಿನ ಬುಟ್ಟಿ, ಇನ್ನೊಂದು ಕಡೆ ಹೂಗೊಂಚಲು; ಅವರು ಜೊತೆಗಿರಿಸಿಕೊಂಡ ಸಾಮಾನು ಇಷ್ಟೇ. ಭಾರವಾದುದೆಲ್ಲ ಬೇರೆ ಯಾರದೋ ಕೈಯಲ್ಲಿ, ರೈಲಿನ ಬೇರೆ ಯಾವುದೋ ಭಾಗದಲ್ಲಿದೆ ಎಂಬುದನ್ನು ಚಿತ್ರ ಹೇಳದೆಯೇ ಹೇಳುತ್ತದೆ. ಹೊರೆ ಕಾಣದಿರುವುದೇ ಸಿರಿವಂತಿಕೆಯ ಗುರುತು.

ಜೇಮ್ಸ್ ಟಿಸ್ಸೊ ಎಂಬ ಫ್ರೆಂಚ್ ಕಲಾವಿದ ಲಂಡನ್ನಿನಲ್ಲಿ ನೆಲೆಸಿದ್ದಾಗ 1870ರ ದಶಕದ ಆರಂಭದಲ್ಲಿ ವಿಲ್ಸ್‌ಡನ್ ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾಯುತ್ತಿರುವ ತರುಣಿಯೊಬ್ಬಳನ್ನು ಬರೆದ. ಇಂದು ಈ ಚಿತ್ರ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಕಲಾಶಾಲೆಯಲ್ಲಿದೆ. ಸುತ್ತಲೂ ತನ್ನ ಪೆಟ್ಟಿಗೆ ಚೀಲಗಳನ್ನು ಇರಿಸಿಕೊಂಡು ಅವಳು ಒಂಟಿಯಾಗಿ ನಿಂತಿದ್ದಾಳೆ. ಜೊತೆಗೆ ತಂದೆಯಿಲ್ಲ, ಗಂಡನಿಲ್ಲ, ಕಾವಲಿನ ಹಿರಿಯರಿಲ್ಲ. ಸಾಲೊಮನ್ ತನ್ನ ಚಿತ್ರವನ್ನೇ ತಿದ್ದಿ ಬರೆಯಬೇಕಾಗಿ ಬಂದು ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ.

ಇವೆಲ್ಲಕ್ಕೂ ವಿರುದ್ಧವಾದ ಧ್ರುವದಲ್ಲಿ ಫ್ರ್ಯಾಂಕ್ ಹಾಲ್ ಇದ್ದಾನೆ. ಫ್ರಿತ್‌ನ ನಿಲ್ದಾಣದ ಚಿತ್ರವನ್ನು ಲೋಹದ ಫಲಕದ ಮೇಲೆ ಕೆತ್ತಿ 1866ರಲ್ಲಿ ಮುದ್ರಣಕ್ಕೆ ಸಿದ್ಧಪಡಿಸಿದ ಫ್ರಾನ್ಸಿಸ್ ಹಾಲ್ ಇವನ ತಂದೆ. ತಂದೆ ಕೆತ್ತಿದ್ದು ಹೊರಡುವವರ ಸಂಭ್ರಮವನ್ನು. ಮಗ ಬರೆದದ್ದು ಉಳಿದವರ ಮೌನವನ್ನು. 1870ರ ದಶಕದ ಅವನ ‘ಗಾನ್’, ಎಂದರೆ ‘ಹೋದರು’, ಎಂಬ ಚಿತ್ರದ ಸ್ಥಳ ಲಂಡನ್ನಿನ ಯೂಸ್ಟನ್ ನಿಲ್ದಾಣ. ಹೊರನಾಡಿಗೆ ವಲಸೆ ಹೋಗುವವರನ್ನು ಹೊತ್ತ ರೈಲು ಲಿವರ್‌ಪೂಲ್ ಬಂದರಿನತ್ತ ಹೊರಟುಹೋಗಿದೆ. ಪ್ಲಾಟ್‌ಫಾರಂನಲ್ಲಿ ಬಡ ಹೆಂಗಸರು ಮಕ್ಕಳೊಡನೆ ನಿಂತಿದ್ದಾರೆ. ಗಂಟುಮೂಟೆಗಳು ಹೋದವರೊಡನೆ ಹೋಗಿವೆ. ಕಾಯಿದೆ ಗೊತ್ತುಮಾಡಿದ್ದ 56 ಪೌಂಡಿನ ಲೆಕ್ಕದಲ್ಲಿ ಇವರು ಸೇರಲಿಲ್ಲ. ಫ್ರಿತ್‌ನ ಪ್ಲಾಟ್‌ಫಾರಂನಲ್ಲಿ ಪ್ರತಿ ವಿದಾಯಕ್ಕೂ ಮರಳಿ ಬರುವ ಭರವಸೆಯಿದೆ: ಶಾಲೆಯ ಹುಡುಗ ರಜೆಗೆ ಬರುತ್ತಾನೆ, ನವದಂಪತಿಗಳು ತಿಂಗಳೊಪ್ಪತ್ತಿನಲ್ಲಿ ಮರಳುತ್ತಾರೆ. ಹಾಲ್‌ನ ಚಿತ್ರದಲ್ಲಿ ಆ ಭರವಸೆ ಇಲ್ಲ. ನಿಲ್ದಾಣದ ಕಲೆ ಮನೋರಂಜನೆಯ ಮಟ್ಟದಿಂದ ಮೇಲೆದ್ದು ಕಾಲದ ನೋವಿಗೆ ಮಾತಾದದ್ದು ಇಲ್ಲಿ.

ಶತಮಾನ ಮುಗಿಯುವ ಹೊತ್ತಿಗೆ ಜಾರ್ಜ್ ಅರ್ಲ್ ಬರೆದ ಜೋಡಿಚಿತ್ರಗಳು ಬೇರೊಂದು ಲೋಕವನ್ನು ತೋರಿಸುತ್ತವೆ. 1893ರ ‘ಗೋಯಿಂಗ್ ನಾರ್ತ್’ ಚಿತ್ರದಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಸಿರಿವಂತರು ಸ್ಕಾಟ್ಲೆಂಡಿನ ಹಕ್ಕಿಬೇಟೆಗೆ ಹೊರಟಿದ್ದಾರೆ. 1895ರ ‘ಕಮಿಂಗ್ ಸೌತ್’ ಚಿತ್ರದಲ್ಲಿ ಬೇಟೆ ಮುಗಿಸಿ ಪರ್ತ್ ನಿಲ್ದಾಣದಿಂದ ಮರಳುತ್ತಿದ್ದಾರೆ. ಅರ್ಲ್ ನಾಯಿಗಳ ಚಿತ್ರಕಾರನೆಂದೇ ಹೆಸರಾದವನು. ಹೀಗಾಗಿ ಪ್ಲಾಟ್‌ಫಾರಂ ತುಂಬ ಬೇಟೆನಾಯಿಗಳು, ಅವನ್ನು ಹಿಡಿದ ಸೇವಕರು, ಬೇಟೆ ಮತ್ತು ಆಟಗಳ ಸಲಕರಣೆ, ರಾಶಿ ಸಾಮಾನು. ಇಲ್ಲಿ ವಿದಾಯದ ಕಣ್ಣೀರಿಲ್ಲ. ಪ್ರಯಾಣ ವಿನೋದವಾಗಿದೆ, ಸಾಮಾನು ಪ್ರದರ್ಶನದ ವಸ್ತುವಾಗಿದೆ. ಯೂಸ್ಟನ್ನಿಗೂ ಕಿಂಗ್ಸ್ ಕ್ರಾಸಿಗೂ ನಡುವೆ ಇರುವುದು ಕಾಲ್ನಡಿಗೆಯ ದೂರ. ಹಾಲ್‌ನ ಹೆಂಗಸರಿಗೂ ಅರ್ಲ್‌ನ ಬೇಟೆಗಾರರಿಗೂ ನಡುವೆ ಇರುವ ದೂರವನ್ನು ಅಳೆಯಲು ಯಾವ ಮೈಲಿಗಲ್ಲೂ ಇಲ್ಲ.

ಇದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಕ್ಲಾಡ್ ಮೊನೆ 1877ರಲ್ಲಿ ಸಂತ ಲಾಜಾರ್ ನಿಲ್ದಾಣವನ್ನು ಮತ್ತೆಮತ್ತೆ ಬರೆದ. ಅವನಿಗೆ ಬೇಕಾದದ್ದು ಗಾಜಿನ ಮಾಡಿನಡಿ ಹಬ್ಬುವ ನೀಲಿ ಹೊಗೆಯೂ ಬೆಳಕೂ. ಮುಂದಿನ ಕಲಾವಿಮರ್ಶೆ ಮೊನೆಯನ್ನು ಎತ್ತಿಹಿಡಿದು ಇಂಗ್ಲೆಂಡಿನ ಈ ಕಥನಚಿತ್ರಗಳನ್ನು ಹಳೆಯ ಕಾಲದ ರಂಜನೆಯೆಂದು ಬದಿಗಿರಿಸಿತು. ಕಲೆಯ ದೃಷ್ಟಿಯಿಂದ ಆ ತೀರ್ಪಿನಲ್ಲಿ ಸತ್ಯಾಂಶ ಇರಬಹುದು. ಆದರೆ ಚರಿತ್ರೆಯ ದೃಷ್ಟಿಯಿಂದ ಹೊಗೆಗಿಂತ ಪೆಟ್ಟಿಗೆಯೇ ಹೆಚ್ಚು ಮಾತನಾಡುತ್ತದೆ.

ಫ್ರಿತ್‌ನ ಚಿತ್ರ ಕೊನೆಗೆ ಸೇರಿದ ನೆಲೆಯೂ ಅರ್ಥಪೂರ್ಣವಾದದ್ದು. ಗುಳಿಗೆ ಮತ್ತು ಮುಲಾಮುಗಳ ಮಾರಾಟದಿಂದ ಸಿರಿವಂತನಾದ ಥಾಮಸ್ ಹಾಲೊವೆ ಹೆಣ್ಣುಮಕ್ಕಳಿಗಾಗಿ ಕಾಲೇಜೊಂದನ್ನು ಕಟ್ಟಿಸಿ, 1881ರಿಂದ 1883ರ ನಡುವೆ 77 ಚಿತ್ರಗಳನ್ನು ಕೊಂಡು ಅದಕ್ಕೆ ಕೊಟ್ಟ. ಅವುಗಳಲ್ಲಿ ‘ದಿ ರೈಲ್ವೆ ಸ್ಟೇಷನ್’ ಒಂದು. ಅದು ಇಂದಿಗೂ ರಾಯಲ್ ಹಾಲೊವೆ ಕಾಲೇಜಿನಲ್ಲಿದೆ. ಮನೆಯಿಂದ ಪೆಟ್ಟಿಗೆ ಕಟ್ಟಿಕೊಂಡು ಓದಲು ಬಂದ ಹೆಣ್ಣುಮಕ್ಕಳ ಕಣ್ಣಮುಂದೆ ತಾಯಿಯಿಂದ ಮುದ್ದಿಡಿಸಿಕೊಂಡು ಶಾಲೆಗೆ ಹೊರಟ ಹುಡುಗನ ಚಿತ್ರ ಬಂದು ನಿಂತಿತು.

ಟಿಕೆಟ್, ಲಗೇಜು, ಪ್ಲಾಟ್‌ಫಾರಂ ಮೊದಲಾದ ಮಾತುಗಳು ರೈಲಿನ ಬಳಕೆಯೊಡನೆ ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿಹೋಗಿವೆ. ಆ ಮಾತುಗಳ ತವರಿನಲ್ಲಿ ಅವುಗಳ ಹಿಂದೆ ಎಂತಹ ಬಾಳು ಇತ್ತೆಂಬುದನ್ನು ಈ ಚಿತ್ರಗಳು ತಿಳಿಸುತ್ತವೆ. ರೈಲು ಮನುಷ್ಯನನ್ನು ಕಟ್ಟನ್ನಾಗಿ ಮಾಡಿತೆಂದು ರಸ್ಕಿನ್ ಹೇಳಿದ. ಆ ಕಾಲದ ಚಿತ್ರಕಾರರು ಕಟ್ಟನ್ನು ಬಿಚ್ಚಿ ಅದರೊಳಗೆ ಮನುಷ್ಯನಿದ್ದಾನೆಂದು ತೋರಿಸಿದರು. ಹೊರೆಯ ತೂಕವನ್ನು ಅಳೆಯಲು ತಕ್ಕಡಿ ಸಾಕು. ಹೊತ್ತವನ ಭಾರವನ್ನೂ ಉಳಿದವಳ ಭಾರವನ್ನೂ ಅಳೆಯಲು ಕಲೆಯೇ ಬೇಕಾಯಿತು.